ಕ್ಯಾಪ್ ಹಾಕಿದ ಹಲ್ಲಿಗೂ ಹುಳುಕು ಬರುತ್ತದೆಯೇ?

ಮಕ್ಕಳೇ, ನಮ್ಮ ಉಡುಮಲೈಪೇಟೆಯಲ್ಲಿ ಪೊಂಗಲ್ ಬಂತೆಂದರೆ ಎಲ್ಲರ ಕೈಯಲ್ಲೂ ಕಬ್ಬು. "ನನ್ನ ಹಲ್ಲಿಗೆ ಕ್ಯಾಪ್ ಹಾಕಿಸಿದ್ದೀನಿ, ಇನ್ನು ಹುಳುಕಿನ ಭಯವಿಲ್ಲ" ಅಂತ ಅಜ್ಜಿ ಹೇಳಿದರೆ ನಂಬಬಹುದೇ?

ಕ್ಯಾಪ್ ಲೋಹದ್ದೋ ಪಿಂಗಾಣಿಯದ್ದೋ ಆಗಿರುತ್ತದೆ, ಅದು ಹುಳುಕಾಗದು. ಆದರೆ ಒಳಗಿರುವುದು ನಮ್ಮದೇ ಹಲ್ಲು. ವಸಡಿನ ಹತ್ತಿರ ಕ್ಯಾಪಿನ ಅಂಚಿನಲ್ಲಿ ಸಿಕ್ಕಿಕೊಂಡ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಬೇರುನಾಳ ಚಿಕಿತ್ಸೆಯಾದ ಹಲ್ಲಿನೊಳಗೆ ನರ ಇರುವುದಿಲ್ಲ. ಒಳಗೇ ಹುಳುಕಾದರೂ ನೋವು ಗೊತ್ತಾಗದು. ಅದೇ ಅಪಾಯ!

ದಿನಕ್ಕೆ 2 ಸಲ, 2 ನಿಮಿಷ, ಫ್ಲೋರೈಡ್ ಪೇಸ್ಟಿನಿಂದ ಅಂಚನ್ನು ಮೆತ್ತಗೆ ಉಜ್ಜಬೇಕು; ಸಂದಿಯನ್ನು ಫ್ಲಾಸ್ ದಾರದಿಂದ ತೆಗೆಯಬೇಕು. ಕ್ಯಾಪ್ ಅಲುಗಾಡಿದರೆ, ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗೆ ತೋರಿಸಿ.

ಇವತ್ತೇ ಅಜ್ಜಿಗೆ ಹೇಳ್ತೀರಲ್ವಾ?