ಇನ್ನೂ ದೊಡ್ಡ ಸ್ಕೀ ಬೂಟು ಬೇಡ

ಮ್ಯೂನಿಕ್‌ನಲ್ಲಿ ನೆಲೆಸಿರುವ ಕನ್ನಡತಿಯೊಬ್ಬರು ಆಸ್ಟ್ರಿಯಾದ ಇಳಿಜಾರುಗಳಲ್ಲಿ ಸ್ಕೀಯಿಂಗ್ ಕಲಿಯುತ್ತಿದ್ದಾರೆ. ಹೊಸ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಇನ್ನೊಂದು ಸೈಜ್ ದೊಡ್ಡದು ಕೊಳ್ಳಲೇ ಎಂಬುದು ಅವರ ಪ್ರಶ್ನೆ.

ಖಂಡಿತ ಬೇಡ. ನೀವು ಬರೆದಿರುವುದನ್ನು ನೋಡಿದರೆ ಈಗಿನ ಬೂಟೇ ದೊಡ್ಡದಿರಬೇಕು. ಹಿಮ್ಮಡಿ ಸಡಿಲವೆಂದು ಬಕಲ್ ಬಿಗಿಯುತ್ತೀರಿ, ಆ ಬಿಗಿತಕ್ಕೆ ರಕ್ತಸಂಚಾರ ತಗ್ಗಿ ಜೋಮು ಬರುತ್ತದೆ.

ಸ್ಕೀ ಬೂಟಿನ ಸೈಜ್ ಎಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಂತು ಅಳೆಯಿರಿ, 25.5 ಬಂದರೆ 25.5ರಿಂದಲೇ ಶುರುಮಾಡಿ. ಒಳಗಿನ ಮೆತ್ತೆ ಹೊರತೆಗೆದು ಬರೀ ಪ್ಲಾಸ್ಟಿಕ್ ಕವಚದಲ್ಲಿ ಕಾಲಿಡಿ. ಬೆರಳು ಮುಂದೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂ.ಮೀ. ಜಾಗ ಸಾಕು. ಮೂರಿದ್ದರೆ ಆ ಬೂಟು ಬಿಡಿ. ಮೆತ್ತೆ ಹಾಕಿ ತೊಟ್ಟು ನೆಟ್ಟಗೆ ನಿಂತಾಗ ಬೆರಳು ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು.

ಕಾಲುಚೀಲ ತೆಳ್ಳನೆಯದು, ಒಂದೇ ಜೊತೆ.

ಆನ್‌ಲೈನಿನಲ್ಲಿ ಕೊಳ್ಳುವ ಬದಲು ಬೂಟ್ ಫಿಟ್ಟರ್ ಇರುವ ಅಂಗಡಿಗೆ ಹೋಗಿ. ಕಾಲಿನ ಗಂಟಿಗೆ ಒತ್ತುವ ಕಡೆ ಅವರು ಕವಚ ಬಿಸಿಮಾಡಿ ಹಿಗ್ಗಿಸಬಲ್ಲರು. ದೊಡ್ಡ ಕವಚವನ್ನು ಕುಗ್ಗಿಸುವ ದಾರಿ ಅವರಲ್ಲೂ ಇಲ್ಲ. ಬೂಟು ಕಳಚಿದ ಮೇಲೂ ಜೋಮು ಉಳಿದರೆ, ಅಥವಾ ನಿಮಗೆ ಮಧುಮೇಹವಿದ್ದರೆ, ಮೊದಲು ವೈದ್ಯರಿಗೆ ಪಾದ ತೋರಿಸಿ.