ಏಳು ಗ್ಯಾಪ್, ಏಳು ಜನ: ಲೈನ್‌ಬ್ಯಾಕರ್ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ಮೊದಲ ಸಲ ನೋಡೋರಿಗೆ ಅದು ಆಟಕ್ಕಿಂತ ಹೆಚ್ಚಾಗಿ ನೂಕುನುಗ್ಗಲಿನ ಥರ ಕಾಣುತ್ತೆ. ಐದು ಸೆಕೆಂಡ್ ಗುದ್ದಾಟ, ಆಮೇಲೆ ಅರ್ಧ ನಿಮಿಷ ಸುಮ್ನೆ ನಿಂತಿರೋದು. ನಮ್ಮ ಕಣ್ಣೆಲ್ಲ ಬಾಲ್ ಮೇಲೆ, ಇಲ್ಲಾಂದ್ರೆ ಅದನ್ನ ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ. ಆದ್ರೆ ಆಟ ಅರ್ಥ ಆಗ್ಬೇಕು ಅಂದ್ರೆ ಲೈನ್‌ಬ್ಯಾಕರ್‌ಗಳನ್ನ ನೋಡ್ಬೇಕು. ಯಾಕೆ ಅಂತ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಮೊದಲು ನಿಯಮ. ಒಂದು ತಂಡಕ್ಕೆ 11 ಜನ. ಬಾಲ್ ಇರೋ ತಂಡಕ್ಕೆ 4 ಅವಕಾಶ, ಒಂದೊಂದಕ್ಕೂ ‘ಡೌನ್’ ಅಂತಾರೆ. ಅಷ್ಟರಲ್ಲಿ 10 ಗಜ ಮುಂದೆ ಹೋದ್ರೆ ಮತ್ತೆ 4 ಅವಕಾಶ. ತಡೆಯೋ ತಂಡ ಮೂರು ಸಾಲಲ್ಲಿ ನಿಲ್ಲುತ್ತೆ. ಮುಂದೆ ದಢೂತಿ ಡಿಫೆನ್ಸಿವ್ ಲೈನ್, ಹಿಂದೆ ವೇಗದ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು. ನಡುವೆ ನಿಲ್ಲೋರೇ ಲೈನ್‌ಬ್ಯಾಕರ್‌ಗಳು.

ಈಗ ಲೆಕ್ಕ. ದಾಳಿ ಮಾಡೋ ತಂಡದ ಮುಂದಿನ ಸಾಲಲ್ಲಿ 5 ಲೈನ್‌ಮೆನ್ ಇರ್ತಾರೆ. ಸಾಮಾನ್ಯವಾಗಿ ಒಂದು ತುದಿಗೆ ಟೈಟ್ ಎಂಡ್ ಅನ್ನೋ ಆರನೆಯವನು ಸೇರ್ಕೋತಾನೆ. ಅವನು ಎದುರಾಳಿಗೆ ಅಡ್ಡ ನಿಲ್ಲಲೂಬಹುದು, ಓಡಿಹೋಗಿ ಪಾಸ್ ಹಿಡಿಯಲೂಬಹುದು. ಅವನಿರೋ ಕಡೆ ಸ್ಟ್ರಾಂಗ್ ಸೈಡ್, ಇನ್ನೊಂದು ವೀಕ್ ಸೈಡ್. 6 ಜನ ಸಾಲಾಗಿ ನಿಂತ್ರೆ ಮಧ್ಯೆ 5 ಸಂದು, ಎರಡು ತುದಿಯ ಹೊರಗೆ ಒಂದೊಂದು. ಒಟ್ಟು 7 ಗ್ಯಾಪ್. ಬಾಲ್ ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಯಾವುದರಿಂದ ಬೇಕಾದ್ರೂ ನುಗ್ಗಬಹುದು.

4-3 ಅನ್ನೋ ವ್ಯೂಹದಲ್ಲಿ ತಡೆಯೋಕೆ 4 ಲೈನ್‌ಮೆನ್, 3 ಲೈನ್‌ಬ್ಯಾಕರ್. ಏಳು ಗ್ಯಾಪ್‌ಗೆ ಏಳು ಜನ, ಎಕ್ಸ್‌ಟ್ರಾ ಯಾರೂ ಇಲ್ಲ. ಪಕ್ಕದವನಿಗೆ ಸಹಾಯ ಮಾಡ್ತೀನಿ ಅಂತ ಒಬ್ಬ ತನ್ನ ಜಾಗ ಬಿಟ್ರೆ, ಓಡೋನಿಗೆ ಅಲ್ಲೇ ದಾರಿ ಸಿಕ್ತು ಅಂತ ಅರ್ಥ. ಈ ಮೂವರು ಲೈನ್‌ಬ್ಯಾಕರ್‌ಗಳಿಗೆ ಕೋಚ್‌ಗಳು ಕರೆಯೋ ಹೆಸರು ಮೈಕ್, ಸ್ಯಾಮ್, ವಿಲ್. ಮಿಡ್ಲ್, ಸ್ಟ್ರಾಂಗ್, ವೀಕ್ ಅಂತ ನೆನಪಿಟ್ಕೊಂಡ್ರೆ ಆಯ್ತು.

ಮೈಕ್: ನಡುವೆ ನಿಲ್ಲೋನು, ಡಿಫೆನ್ಸ್‌ನ ಕಮಾಂಡರ್. 2008ರಿಂದ ಎನ್‌ಎಫ್‌ಎಲ್‌ನಲ್ಲಿ ಮೈದಾನದಲ್ಲಿರೋ ಒಬ್ಬ ಡಿಫೆಂಡರ್‌ನ ಹೆಲ್ಮೆಟ್‌ನಲ್ಲಿ ರೇಡಿಯೋ ಇರಬಹುದು. ಆ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತೆ. ಹೆಚ್ಚಾಗಿ ಅದು ಮೈಕ್‌ನದ್ದೇ. ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಕೋಚ್‌ನ ದನಿ ಕಟ್ ಆಗುತ್ತೆ. ಆಮೇಲೆ ಎದುರಾಳಿ ಜಾಗ ಬದಲಿಸಿದ್ರೆ ಎಲ್ಲರನ್ನೂ ಕೂಗಿ ಸರಿಪಡಿಸೋದು ಇವನೇ. ಬಾಲ್ಟಿಮೋರ್ ರೇವನ್ಸ್‌ನ ರೇ ಲೂಯಿಸ್ ಇದಕ್ಕೆ ದೊಡ್ಡ ಉದಾಹರಣೆ. 2000ದ ಸೀಸನ್‌ನ 16 ಪಂದ್ಯಗಳಲ್ಲಿ ಅವನ ತಂಡ ಬಿಟ್ಟುಕೊಟ್ಟಿದ್ದು ಬರೀ 165 ಪಾಯಿಂಟ್. ಆ ಸಲ ಸೂಪರ್ ಬೌಲ್ ಗೆದ್ದಾಗ ಪಂದ್ಯಶ್ರೇಷ್ಠನೂ ಅವನೇ.

ಸ್ಯಾಮ್: ಟೈಟ್ ಎಂಡ್ ಇರೋ ಕಡೆ ನಿಲ್ಲೋನು. ಮೈಯಲ್ಲಿ ಕಸುವು ಇರ್ಲೇಬೇಕು, ಯಾಕಂದ್ರೆ ಅಡ್ಡ ಬರೋರ ಜೊತೆ ನೇರ ಗುದ್ದಾಟ ಇವನ ಪಾಲಿಗೆ. ಓಡೋನು ಹೊರಗಿನಿಂದ ಸುತ್ತಿ ಹೋಗದ ಹಾಗೆ ಒಳಗೆ ತಿರುಗಿಸಬೇಕು. ಒಳಗೆ ತಿರುಗಿದವನನ್ನ ಬೀಳಿಸೋದು ಇನ್ಯಾರೋ, ಟಿವಿಯಲ್ಲಿ ಹೆಸರು ಬರೋದೂ ಅವರದ್ದೇ.

ವಿಲ್: ಟೈಟ್ ಎಂಡ್ ಇಲ್ಲದ ಕಡೆ ನಿಲ್ಲೋನು. ಅಡ್ಡ ಬರೋರು ಕಡಿಮೆ, ಹಾಗಾಗಿ ತೂಕಕ್ಕಿಂತ ವೇಗ ಮುಖ್ಯ. ಓಡೋನನ್ನ ಆ ಕಡೆಯಿಂದ ಅಟ್ಟಿಸಿಕೊಂಡು ಬಂದು ಹಿಡೀಬೇಕು, ಪಾಸ್ ಬಂದ್ರೆ ರನ್ನಿಂಗ್ ಬ್ಯಾಕ್‌ನ ಕಾಯಬೇಕು. ಟ್ಯಾಂಪಾ ಬೇ ತಂಡದ ಡೆರಿಕ್ ಬ್ರೂಕ್ಸ್ ಇಂಥವನು. 2002ರ ಸೀಸನ್‌ನ ಅತ್ಯುತ್ತಮ ಡಿಫೆಂಡರ್. ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಎದುರಾಳಿಯ ಪಾಸ್ ಕಿತ್ಕೊಂಡು 44 ಗಜ ಓಡಿ ಟಚ್‌ಡೌನ್ ಮಾಡಿದ.

3-4 ವ್ಯೂಹದಲ್ಲಿ ಲೈನ್‌ಮೆನ್ 3, ಲೈನ್‌ಬ್ಯಾಕರ್ 4. ಮೊತ್ತ ಮತ್ತೆ 7. ಇಬ್ಬರು ಒಳಗೆ, ಇಬ್ಬರು ಹೊರಗೆ. ಹೊರಗಿನವರ ಮುಖ್ಯ ಕೆಲಸ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗೋದು. ನಾಲ್ವರಲ್ಲಿ ಯಾರು ನುಗ್ತಾರೆ, ಯಾರು ಹಿಂದೆ ಸರೀತಾರೆ ಅಂತ ಮೊದಲೇ ಗೊತ್ತಾಗಲ್ಲ. 1981ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿದ ಲಾರೆನ್ಸ್ ಟೇಲರ್ ಈ ಜಾಗದ ಅರ್ಥವನ್ನೇ ಬದಲಿಸಿದ. 1986ರಲ್ಲಿ 20.5 ಸಲ ಕ್ವಾರ್ಟರ್‌ಬ್ಯಾಕ್‌ನ ಕೆಡವಿ, ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರ ಅನ್ನಿಸಿಕೊಂಡ. ಇಬ್ಬರು ಸೇರಿ ಕೆಡವಿದ್ರೆ ಅರ್ಧರ್ಧ, ಆ .5 ಬಂದಿದ್ದು ಹಾಗೆ. ಇವನನ್ನ ತಡೆಯೋಕೆ ವಾಷಿಂಗ್ಟನ್ ಕೋಚ್ ಜೋ ಗಿಬ್ಸ್ ಇನ್ನೊಬ್ಬ ಟೈಟ್ ಎಂಡನ್ನೇ ಇಳಿಸಿದ್ರು.

ಈಗ ಕಷ್ಟ ಎಲ್ಲಿ ಅಂತ ನೋಡಿ. ಮೂರನೇ ಡೌನ್, ಬೇಕಿರೋದು 2 ಗಜ. ಕ್ವಾರ್ಟರ್‌ಬ್ಯಾಕ್ ಬಾಲ್ ಕೊಡೋ ಹಾಗೆ ಕೈ ಚಾಚ್ತಾನೆ. ಮೈಕ್ ತನ್ನ ಗ್ಯಾಪ್ ಮುಚ್ಚೋಕೆ ಎರಡು ಹೆಜ್ಜೆ ಮುಂದೆ ಬರ್ತಾನೆ. ಬಾಲ್ ಕೊಟ್ಟೇ ಇಲ್ಲ! ಟೈಟ್ ಎಂಡ್ ಅವನ ಹಿಂದೆ ಜಾರಿಕೊಂಡು ಆರಾಮಾಗಿ ಪಾಸ್ ಹಿಡೀತಾನೆ. ಮುಂದೆ ಬರದೇ ನಿಂತಿದ್ರೆ? ನಿಜವಾಗ್ಲೂ ಬಾಲ್ ಕೊಟ್ಟು 2 ಗಜ ಓಡಿಬಿಡ್ತಿದ್ರು. ಲೈನ್‌ಮನ್‌ಗೆ ಮುಂದೆ ನುಗ್ಗೋ ಕೆಲಸ, ಸೇಫ್ಟಿಗೆ ಹಿಂದೆ ಕಾಯೋ ಕೆಲಸ. ಎರಡನ್ನೂ ಮಾಡಬೇಕಾಗಿರೋನು ಲೈನ್‌ಬ್ಯಾಕರ್ ಒಬ್ಬನೇ. ಅದಕ್ಕೇ ಎದುರಾಳಿ ಮೋಸ ಮಾಡೋಕೆ ನೋಡೋದು ಅವನನ್ನೇ.

ಇತ್ತೀಚೆಗೆ ಲೆಕ್ಕ ಇನ್ನೂ ಬಿಗಿಯಾಗಿದೆ. ಪಾಸ್ ಜಾಸ್ತಿ ಆದ್ಮೇಲೆ ತಂಡಗಳು ಒಬ್ಬ ಲೈನ್‌ಬ್ಯಾಕರ್‌ನ, ಹೆಚ್ಚಾಗಿ ಸ್ಯಾಮ್‌ನ, ಕೂರಿಸಿ ಐದನೇ ಡಿಫೆನ್ಸಿವ್ ಬ್ಯಾಕ್‌ನ ಇಳಿಸ್ತವೆ. ಇದಕ್ಕೆ ನಿಕಲ್ ಅಂತಾರೆ. ಆಗ ಮುಂದೆ 6 ಜನ, ಗ್ಯಾಪ್ ಮಾತ್ರ 7. ಉಳಿದೊಂದಕ್ಕೆ ಹಿಂದಿನ ಸಾಲಿಂದ ಯಾರಾದ್ರೂ ಓಡಿ ಬರಬೇಕು. ಅವರು ಬರೋವರೆಗೆ ಉಳಿದ ಇಬ್ಬರು ಲೈನ್‌ಬ್ಯಾಕರ್‌ಗಳು ತಪ್ಪು ಹೆಜ್ಜೆ ಇಡೋ ಹಾಗಿಲ್ಲ.

ಇದಕ್ಕೆ ದೇಹ ಕೊಡೋ ಬೆಲೆಯೂ ಇದೆ. ಕ್ಯಾರೊಲಿನಾ ಪ್ಯಾಂಥರ್ಸ್‌ನ ಮೈಕ್ ಲ್ಯೂಕ್ ಕೀಕ್ಲಿ 2013ರ ಅತ್ಯುತ್ತಮ ಡಿಫೆಂಡರ್. ಎದುರಾಳಿಯ ಪ್ಲೇ ಏನು ಅಂತ ಮೊದಲೇ ಊಹಿಸಿ ಕೂಗೋದರಲ್ಲಿ ಹೆಸರುವಾಸಿ. 2015, 2016, 2017, ಮೂರೂ ಸೀಸನ್‌ಗಳಲ್ಲಿ ತಲೆಗೆ ಪೆಟ್ಟು ಬಿದ್ದು ಕನ್ಕಶನ್ ಆಗಿತ್ತು. 2020ರ ಜನವರಿಯಲ್ಲಿ, 28ನೇ ವಯಸ್ಸಿಗೇ, ನಿವೃತ್ತಿ ಹೇಳಿಬಿಟ್ಟ. ಅಷ್ಟು ಚೆನ್ನಾಗಿ ಆಟ ಓದೋನಿಗೂ ಗುದ್ದೋದು ತಪ್ಪಲಿಲ್ಲ.

ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 5ರ ಹೊತ್ತಿಗೆ ಶುರುವಾಗುತ್ತೆ, ಮೊದಲ ಕ್ಲಾಸಿಗೆ ಮುಂಚೆ ಮುಗಿಯುತ್ತೆ. ಈ ಸಲ ಎದ್ರೆ ಹೀಗೆ ಮಾಡಿ. ಮೊದಲು ಟೈಟ್ ಎಂಡ್ ಯಾವ ಕಡೆ ಇದ್ದಾನೆ ನೋಡಿ, ಸ್ಟ್ರಾಂಗ್ ಸೈಡ್ ಗೊತ್ತಾಗುತ್ತೆ. ಆಮೇಲೆ ಹಸಿರು ಚುಕ್ಕೆಯವನನ್ನ ಹುಡುಕಿ. ಬಾಲ್ ಕದಲಿದಾಗ ಅವನ ಮೊದಲ ಎರಡು ಹೆಜ್ಜೆ ಮಾತ್ರ ನೋಡಿ. ಮುಂದಕ್ಕೋ ಹಿಂದಕ್ಕೋ? ಆ ಪ್ಲೇ ಎಷ್ಟು ಗಜ ಹೋಗುತ್ತೆ ಅಂತ ಅಲ್ಲೇ ಅರ್ಧ ತೀರ್ಮಾನ ಆಗಿರುತ್ತೆ.