ಕಾಲು ಸುತ್ತಿನ ತಪ್ಪು: ಮನೆಯಂಗಳದಲ್ಲಿ ಒಂದು ಚೈನ್ ಪಾಠ

ಮೊದಲೇ ಹೇಳಿಬಿಡ್ತೀನಿ: ಈ ಪಾಠ ಬರೆಯೋಕೆ ನನಗಿರೋ ಅರ್ಹತೆ ಒಂದೇ. ನನ್ನ ಗಾಡಿಯನ್ನ ನಾನೇ, ನನ್ನ ಕೈಯಾರೆ ಕೆಡಿಸಿದ್ದೀನಿ.

ಗಾಡಿ ಹೋಂಡಾ ಸಿಬಿಆರ್ 250ಆರ್. 2011ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು, ಈಗ ಹೊಸದು ಸಿಗಲ್ಲ. ನನ್ನದು ಸೆಕೆಂಡ್ ಹ್ಯಾಂಡ್. ಇಂಥದಕ್ಕೆ ಸ್ಪೋರ್ಟ್ ಟೂರರ್ ಅಂತಾರೆ. ಮೈಮೇಲೆ ಫೇರಿಂಗ್ ಇರುತ್ತೆ, ಆದರೆ ರೇಸ್ ಗಾಡಿಯ ಹಾಗೆ ಟ್ಯಾಂಕ್ ಮೇಲೆ ಮಲಗಬೇಕಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಒಂದು ಬ್ಯಾಗ್ ಕಟ್ಟಿಕೊಂಡು ನೂರಾರು ಕಿಲೋಮೀಟರ್ ಹೋಗಬಹುದು. ನಮ್ಮ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನಿಂತಿರುವ ಡೊಮಿನಾರ್, ಪಲ್ಸರ್ 220ಗಳಿಗೂ ಮುಂದೆ ಹೇಳುವ ಬಹುಪಾಲು ಮಾತು ಅನ್ವಯಿಸುತ್ತೆ.

ಜನವರಿ ತಿಂಗಳು, ಮೆಣಸಿನಕಾಯಿ ಸೀಸನ್. ಬ್ಯಾಡಗಿ ಮಾರುಕಟ್ಟೆಯ ದಿನ. ಈ ವಾರದ ರೇಟ್ ನೋಡಿ ಬರೋಣ ಅಂತ ಅಪ್ಪ ಹೊರಟರು; ತೊಡೆ ಮೇಲೆ ಸ್ಯಾಂಪಲ್ ಕಾಯಿಯ ಚೀಲ. ಹಿಂದಿನ ಸಂಜೆಯಷ್ಟೇ ನಾನು ಚೈನ್ ಟೈಟ್ ಮಾಡಿದ್ದೆ. ಸಡಿಲಾಗಿ ಟಕಟಕ ಅನ್ನುತ್ತಿತ್ತು, ಸದ್ದು ನಿಲ್ಲೋವರೆಗೂ ತಿರುವಿದ್ದೆ. ಸದ್ದು ನಿಂತಿತ್ತು. ಖುಷಿಯಾಗಿತ್ತು.

ರಾಣೆಬೆನ್ನೂರಿನಿಂದ ಪಿ.ಬಿ. ರೋಡ್ ಹಿಡಿದು ಮೋಟೆಬೆನ್ನೂರಿನ ಹತ್ತಿರ ಬಂದಾಗ ಅಪ್ಪ ಬೆನ್ನು ತಟ್ಟಿದರು. "ತಮ್ಮಾ, ಗಾಡಿ ಸ್ವಲ್ಪ ನಿಂದ್ರಸು. ನನ್ನ ಧೋತ್ರಕ್ಕ ಎಣ್ಣಿ ಸಿಡ್ಯಾಕತ್ತೈತಿ ನೋಡು."

ಬಿಳಿ ಧೋತ್ರದ ತುಂಬ ಕಪ್ಪು ಚುಕ್ಕಿ. ಬಗ್ಗಿ ನೋಡಿದರೆ ಹಿಂದಿನ ರಿಮ್ ಪೂರ್ತಿ ಎಣ್ಣೆ, ಟೈರಿನ ಚೈನ್ ಕಡೆಯ ಅಂಚೂ ಹೊಳೀತಿತ್ತು. ಇನ್ನು ಸ್ವಲ್ಪ ಮುಂದೆ ಹೋಗಿ ಬ್ಯಾಡಗಿ ಕಡೆ ತಿರುಗಬೇಕಿತ್ತು. ಹಿಂದೆ ಲಾರಿಗಳು. ಆ ತಿರುವಿನಲ್ಲಿ ಗಾಡಿ ವಾಲಿಸಿದ್ದರೆ ಟೈರಿನ ಅದೇ ಅಂಚು ನೆಲ ಮುಟ್ಟುತ್ತಿತ್ತು. ಅದರ ಮುಂದಿನದ್ದನ್ನ ನಾನು ಬರೆಯಲ್ಲ.

ಗಾಡಿ ತಳ್ಳಿಕೊಂಡು ಹೋಗಿ ಒಂದು ಗ್ಯಾರೇಜ್ ಹಿಡಿದೆ. ಮೆಕ್ಯಾನಿಕ್ ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದ. ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟಿನ ಆಯಿಲ್ ಸೀಲ್ ಹೋಗಿತ್ತು, ಬೇರಿಂಗ್ ಕೂಡ ಅಲುಗುತ್ತಿತ್ತು. ಚೈನ್ ಮುಟ್ಟಿ ನೋಡಿ ನಕ್ಕ: "ಯಾರ್ರೀ ಟೈಟ್ ಮಾಡಿದ್ದು? ತಂಬೂರಿ ತಂತಿ ಮಾಡೀರಲ್ರಿ!"

ಅಪ್ಪ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ.

ಚೈನ್ ಯಾಕೆ ಸಡಿಲ ಇರಬೇಕು?

"ತೀರಾ ಟೈಟ್ ಬ್ಯಾಡ" ಅಂತ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಕಡಿಮೆ. ಮನೆಗೆ ಬಂದು ಪೆನ್ನು ಹಾಳೆ ಹಿಡಿದು ಕೂತೆ.

ಗಾಡಿಯ ಪಕ್ಕ ಕೂತು ಮೂರು ಬಿಂದು ಗುರುತಿಸಿ: ಮುಂದಿನ ಸ್ಪ್ರಾಕೆಟ್ಟಿನ ಮಧ್ಯ, ಸ್ವಿಂಗ್ ಆರ್ಮ್ ತಿರುಗುವ ಪಿವಟ್, ಹಿಂದಿನ ಆಕ್ಸಲ್. ಆಕ್ಸಲ್ ಮೇಲೆ ಕೆಳಗೆ ಆಡೋದು ಪಿವಟ್ ಸುತ್ತ. ಆದರೆ ಚೈನ್ ಸುತ್ತಿಕೊಂಡಿರೋದು ಪಿವಟ್ಟಿಗಿಂತ ಮುಂದಿರುವ ಸ್ಪ್ರಾಕೆಟ್ಟಿಗೆ. ಕೇಂದ್ರ ಬೇರೆ ಬೇರೆ. ಹಾಗಾಗಿ ಸಸ್ಪೆನ್ಷನ್ ಕುಗ್ಗಿದಂತೆ ಸ್ಪ್ರಾಕೆಟ್‌ಗೂ ಆಕ್ಸಲ್‌ಗೂ ನಡುವಿನ ದೂರ ಬದಲಾಗ್ತಾ ಹೋಗುತ್ತೆ. ಮೂರೂ ಬಿಂದು ಒಂದೇ ಗೆರೆಯಲ್ಲಿ ಬಂದಾಗ ಆ ದೂರ ಗರಿಷ್ಠ. ಚೈನ್ ಅತಿ ಬಿಗಿಯಾಗೋದು ಆಗಲೇ.

ಲೆಕ್ಕಕ್ಕೆ ಸುಲಭವಾದ ಅಂಕಿ ಹಿಡಿಯೋಣ (ಇವು ನನ್ನ ಗಾಡಿಯ ಅಳತೆಯಲ್ಲ, ಉದಾಹರಣೆ ಮಾತ್ರ). ಸ್ಪ್ರಾಕೆಟ್ಟಿನಿಂದ ಪಿವಟ್ಟಿಗೆ 80 ಮಿ.ಮೀ., ಪಿವಟ್ಟಿನಿಂದ ಆಕ್ಸಲ್ಲಿಗೆ 520 ಮಿ.ಮೀ. ಒಂದೇ ಗೆರೆಯಲ್ಲಿದ್ದಾಗ ದೂರ 600. ಗಾಡಿ ಸುಮ್ಮನೆ ನಿಂತಾಗ ಸ್ವಿಂಗ್ ಆರ್ಮ್ ಆ ಗೆರೆಯಿಂದ 6 ಡಿಗ್ರಿ ಕೆಳಗಿದೆ ಅಂತಿಟ್ಟುಕೊಳ್ಳಿ. ಪಿಯುಸಿಯಲ್ಲಿ ಓದಿದ ಕೊಸೈನ್ ನಿಯಮ ಹಾಕಿ: 80² + 520² + 2 × 80 × 520 × ಕೊಸೈನ್ 6°. ವರ್ಗಮೂಲ ತೆಗೆದರೆ 599.62 ಮಿ.ಮೀ. ಅಂದರೆ ವ್ಯತ್ಯಾಸ ಬರೀ 0.38 ಮಿ.ಮೀ.

ಇಷ್ಟೇನಾ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತು. ಆದರೆ ಚೈನಿಗೆ ಮೇಲಿನ ಸಾಲು, ಕೆಳಗಿನ ಸಾಲು ಅಂತ ಎರಡು. ಎರಡೂ ಸೇರಿ 0.76 ಮಿ.ಮೀ. ಹೆಚ್ಚು ಉದ್ದ ಬೇಕು. ಈಗ ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಒತ್ತಿದಾಗ ಏನಾಗುತ್ತೆ? 300 ಮಿ.ಮೀ. ಬುಡದ ಎರಡು ಲಂಬಕೋನ ತ್ರಿಭುಜ ಆಗುತ್ತೆ. ಪೈಥಾಗೊರಸ್ ಪ್ರಕಾರ ಹೆಚ್ಚುವರಿ ಉದ್ದ ಅಂದಾಜು ಆಟದ ವರ್ಗ ಭಾಗಿಸು 300. ಹೆಚ್ಚುವರಿ 0.76 ಆದರೆ ಆಟ ಸುಮಾರು 15 ಮಿ.ಮೀ. ಕೆಳಗೆ 15, ಮೇಲೆ 15, ಒಟ್ಟು 30.

ಅಂದರೆ ನಾವು ಸ್ಕೇಲ್ ಹಿಡಿದು ಅಳೆಯುವ ಪೂರಾ 30 ಮಿ.ಮೀ. ಸಡಿಲನ್ನು ಆಕ್ಸಲ್ಲಿನ ಆ 0.38 ಮಿ.ಮೀ. ನುಂಗಿಹಾಕುತ್ತೆ! ಕಂಪನಿಯವರು ಸಡಿಲು ಬಿಡಿ ಅನ್ನೋದು ದಾಕ್ಷಿಣ್ಯಕ್ಕಲ್ಲ. ಇಬ್ಬರು ಕೂತು ರೋಡ್ ಹಂಪ್ ಇಳಿದಾಗ ಆ ಸಡಿಲು ಪೂರ್ತಿ ಖರ್ಚಾಗುತ್ತೆ. ಅದು ಇಲ್ಲದಿದ್ದರೆ ಹಗ್ಗಜಗ್ಗಾಟ ಶುರು: ಒಂದು ಕಡೆ ಹಿಂದಿನ ಚಕ್ರ, ಇನ್ನೊಂದು ಕಡೆ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್. ಸೋತದ್ದು ಬೇರಿಂಗ್. ಅದು ಅಲುಗಿದ ಮೇಲೆ ಸೀಲ್ ಎಷ್ಟು ಹೊತ್ತು ತಡೀತದೆ?

ಇನ್ನೂ ಒಂದು ಲೆಕ್ಕ ನನ್ನ ತಲೆ ತಗ್ಗಿಸುವಂತೆ ಮಾಡಿತು. ಅಡ್ಜಸ್ಟರ್ ಬೋಲ್ಟಿನ ಪಿಚ್ 1.25 ಮಿ.ಮೀ. ಅಂತಿಟ್ಟುಕೊಂಡರೆ ಕಾಲು ಸುತ್ತಿಗೆ ಆಕ್ಸಲ್ 0.31 ಮಿ.ಮೀ. ಹಿಂದೆ ಸರಿಯುತ್ತೆ. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ, 30 ಇದ್ದ ಆಟ ಸುಮಾರು 13ಕ್ಕೆ ಇಳಿಯುತ್ತೆ. ಕಾಲು ಸುತ್ತು! ನಾನು ಸದ್ದು ನಿಲ್ಲೋವರೆಗೂ ತಿರುವಿದವ.

ನಂಬಿಕೆ ಬರದಿದ್ದರೆ ಹಾಸ್ಟೆಲ್ ಮುಂದೆಯೇ ಪರೀಕ್ಷೆ ಮಾಡಿ. ಎಂಜಿನ್ ಆಫ್, ಗಾಡಿ ನ್ಯೂಟ್ರಲ್. ಸೈಡ್ ಸ್ಟ್ಯಾಂಡಿನಲ್ಲಿ ಆಟ ಅಳೆಯಿರಿ. ಆಮೇಲೆ ಗಾಡಿ ನೇರ ಹಿಡಿದು ಇಬ್ಬರು ದಪ್ಪನೆ ಗೆಳೆಯರನ್ನ ಕೂರಿಸಿ ಅಳೆಯಿರಿ.

ಅಳೆಯೋ ಕ್ರಮ

ಸ್ವಿಂಗ್ ಆರ್ಮ್ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಎಷ್ಟು ಮಿ.ಮೀ. ಆಟ, ಹೇಗೆ ನಿಲ್ಲಿಸಿ ಅಳೆಯಬೇಕು ಅಂತ. ಅದು ಕಿತ್ತುಹೋಗಿದ್ದರೆ ಓನರ್ಸ್ ಮ್ಯಾನುಯಲ್‌ನಲ್ಲಿ ಇರುತ್ತೆ. ಸೈಡ್ ಸ್ಟ್ಯಾಂಡ್ ಅಂದಿದ್ದರೆ ಸೈಡ್ ಸ್ಟ್ಯಾಂಡಿನಲ್ಲೇ ಅಳೆಯಿರಿ, ಯಾಕಂದ್ರೆ ಸ್ವಿಂಗ್ ಆರ್ಮಿನ ಕೋನ ಬದಲಾದರೆ ಲೆಕ್ಕ ಪೂರಾ ಬದಲು.

ನಾನು ಮಾಡಿದ ಎರಡನೇ ತಪ್ಪು ಇಲ್ಲಿದೆ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯೋದಿಲ್ಲ. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳತೆ ಹೊಂದಿಸಬೇಕು. ನಾನು ಅತಿ ಸಡಿಲಿದ್ದ ಜಾಗದಲ್ಲಿ ಹೊಂದಿಸಿದ್ದೆ. ಬಿಗಿ ಜಾಗಕ್ಕೂ ಸಡಿಲು ಜಾಗಕ್ಕೂ ಭಾರೀ ವ್ಯತ್ಯಾಸ ಇದ್ದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ, ಚೈನ್ ಸ್ಪ್ರಾಕೆಟ್ ಕಿಟ್ ಬದಲಿಸೋ ಕಾಲ ಬಂದಿದೆ ಅಂತ ಅರ್ಥ. ನನ್ನ ಟಕಟಕ ಸದ್ದಿನ ಮೂಲ ಅದೇ ಆಗಿತ್ತು.

ಆಕ್ಸಲ್ ನಟ್ ಸಡಿಲ ಮಾಡಿ, ಎರಡೂ ಕಡೆಯ ಅಡ್ಜಸ್ಟರ್ ಸಮ ಸಮ ತಿರುವಿ, ಎರಡೂ ಕಡೆಯ ಗುರುತು ತಾಳೆ ನೋಡಿ. ನಟ್ ಪೂರ್ತಿ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿ ಮಾಡುವಾಗಲೇ ಆಕ್ಸಲ್ ಕೂದಲೆಳೆಯಷ್ಟು ಸರಿದಿರುತ್ತೆ, ಕೂದಲೆಳೆಯ ಬೆಲೆ ಏನು ಅಂತ ಈಗಷ್ಟೇ ನೋಡಿದೆವು.

ಚೈನ್ ತೊಳೆಯಲು ಪೆಟ್ರೋಲ್, ತಂತಿ ಬ್ರಷ್ ಬ್ಯಾಡ. ಕೊಂಡಿಗಳ ನಡುವೆ ರಬ್ಬರಿನ ಒ-ರಿಂಗ್ ಇರುತ್ತೆ, ಒಳಗಿನ ಗ್ರೀಸ್ ಹಿಡಿದಿಡೋದು ಅದೇ. ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲದಿದ್ದರೆ ಚೈನ್ ಕ್ಲೀನರ್, ಒಂದು ಮೆತ್ತನೆ ಬ್ರಷ್, ಹಳೇ ಅರಿವೆ. ನಮ್ಮ ಕಡೆ ಹೊಲದ ದಾರಿಯಲ್ಲಿ ಓಡಾಡೋರು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮಾಡಬೇಕು. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗೋ ಚೈನಿಗೆ ಅರಿವೆ ಹಿಡಿಯೋ ವಿಡಿಯೋಗಳನ್ನ ನೋಡಿರ್ತೀರಿ. ಅರಿವೆ ಸ್ಪ್ರಾಕೆಟ್ಟಿಗೆ ಸಿಕ್ಕರೆ ಬೆರಳೂ ಜೊತೆಗೇ ಹೋಗುತ್ತೆ. ಎಂಜಿನ್ ಆಫ್ ಮಾಡಿ, ಚಕ್ರ ಕೈಯಲ್ಲಿ ತಿರುಗಿಸಿ.

ಟಾರ್ಕ್ ವ್ರೆಂಚ್ ಇಲ್ಲದವರಿಗೆ

ನಟ್ ಎಷ್ಟು ಬಿಗಿ ಮಾಡಬೇಕು ಅನ್ನೋದು ಎರಡನೇ ದೊಡ್ಡ ಸಮಸ್ಯೆ. ಟಾರ್ಕ್ ವ್ರೆಂಚ್ ತುಟ್ಟಿ. ಆದರೆ ಟಾರ್ಕ್ ಅಂದರೆ ಬಲ ಗುಣಿಸು ದೂರ, ಇನ್ನೇನಲ್ಲ. ನಮ್ಮ ಮನೆಯಲ್ಲಿ ಚೀಲ ತೂಗಿ ನೋಡೋಕೆ ಒಂದು ಕೊಕ್ಕೆ ತಕ್ಕಡಿ ಇದೆ, ಸೆಲ್ ಹಾಕೋ ಡಿಜಿಟಲ್‌ದು. ಮೆಣಸಿನಕಾಯಿ ಬೆಳೆಯೋರ ಮನೆಯಲ್ಲಿ ಇಂಥದ್ದೊಂದು ಇದ್ದೇ ಇರುತ್ತೆ. ಸ್ಪ್ಯಾನರಿನ ತುದಿಗೆ ಅದರ ಕೊಕ್ಕೆ ಸಿಕ್ಕಿಸಿ, ನಟ್ಟಿನ ಮಧ್ಯದಿಂದ 20 ಸೆಂ.ಮೀ. ದೂರದಲ್ಲಿ, ಸ್ಪ್ಯಾನರಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 12.5 ಕೆ.ಜಿ. ತೋರಿಸಿದರೆ 12.5 × 9.8 × 0.20, ಅಂದರೆ 24.5 ನ್ಯೂಟನ್ ಮೀಟರ್. ಆಯಿಲ್ ಡ್ರೈನ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ ಹೇಳೋದು ಈ ಆಸುಪಾಸಿನ ಅಂಕಿಯನ್ನೇ. ಆಕ್ಸಲ್ ನಟ್ಟಿಗೆ ಉದ್ದ ಹಿಡಿಕೆ ಬೇಕು: 45 ಸೆಂ.ಮೀ.ನಲ್ಲಿ 20 ಕೆ.ಜಿ. ಎಳೆದರೆ 88 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಅಂಕಿಯನ್ನು ಮ್ಯಾನುಯಲ್‌ನಲ್ಲಿ ನೋಡಿ, ಹಿಮ್ಮುಖ ಲೆಕ್ಕ ಹಾಕಿ ಎಷ್ಟು ಕೆ.ಜಿ. ಅಂತ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ನಾನು ಬರೆದಿದ್ದೀನಿ, ಅವ್ವ ಬೈದಳು.

ಎಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು. ಕಾರಿನ ಆಯಿಲ್ ಮಿಕ್ಕಿದೆ ಅಂತ ಹಾಕಬೇಡಿ, ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತೆ, ಜಾರಲು ಶುರುವಾಗುತ್ತೆ. ತೆಗೆದ ಹಳೇ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಬ್ರೇಕ್ ಆಯಿಲ್ ಮಾತ್ರ ಎಲ್ಲರೂ ಮರೆಯೋ ವಸ್ತು. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಹಾವೇರಿ ರಾಣೆಬೆನ್ನೂರಿನ ಬಯಲಲ್ಲಿ ಇದು ಗೊತ್ತೇ ಆಗಲ್ಲ. ಗೋಕರ್ಣಕ್ಕೆ ಅಂತ ಶಿರಸಿ ದಾಟಿ ದೇವಿಮನೆ ಘಟ್ಟ ಇಳೀತಾ ಬ್ರೇಕ್ ಹಿಡಿದೇ ಇದ್ದರೆ ಗೊತ್ತಾಗುತ್ತೆ: ದ್ರವ ಕುದ್ದು ಆವಿಯಾದರೆ ಲಿವರ್ ಹ್ಯಾಂಡಲ್ಲಿಗೆ ಬಂದು ತಾಗುತ್ತೆ, ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮೊದಲ ಸಲ ಗೊತ್ತಿದ್ದವರನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ, ಲೈನಿನಲ್ಲಿ ಗಾಳಿ ಉಳಿದರೆ ಕಥೆ ಅದೇ.

ಇನ್ನು ಅಪ್‌ಗ್ರೇಡ್

ನಮ್ಮ ಹುಡುಗರ ದುಡ್ಡು ಮೊದಲು ಹೋಗೋದು ಸೈಲೆನ್ಸರಿಗೆ. ಸದ್ದು ಜಾಸ್ತಿ ಆಗುತ್ತೆ, ಪೊಲೀಸರು ಹಿಡೀತಾರೆ, ಗಾಡಿ ಮೊದಲಿನಷ್ಟೇ ಓಡುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಣೆಗೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಅದೇ ದುಡ್ಡಿಗೆ ಒಳ್ಳೆ ಹಿಂದಿನ ಟೈರ್ ಬರುತ್ತಲ್ಲ? ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕಂಕಿ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರದ್ದು; ಎಷ್ಟೇ ಹೊಳೆದರೂ ಬೇಡ ಅನ್ನಿ.

ಹೆಡ್‌ಲೈಟ್ ಆಸೆ ನನಗೂ ಅರ್ಥವಾಗುತ್ತೆ, ರಾತ್ರಿ ನಮ್ಮ ಹಳ್ಳಿ ದಾರಿಯಲ್ಲಿ ಎಮ್ಮೆ ಕಾಣಲ್ಲ. ಆದರೆ 60 ವ್ಯಾಟಿನ ಎಚ್4 ಬಲ್ಬಿನ ಜಾಗದಲ್ಲಿ 100 ವ್ಯಾಟಿನದು ಹಾಕಿದರೆ ಕರೆಂಟ್ 5 ಆಂಪಿಯರಿನಿಂದ 8.3ಕ್ಕೆ ಏರುತ್ತೆ. ವೈರಿನ ಬಿಸಿ ಕರೆಂಟಿನ ವರ್ಗದ ಲೆಕ್ಕ, ಅಂದರೆ ಸುಮಾರು 2.8 ಪಟ್ಟು. ಮೊದಲು ಕರಗೋದು ಹೋಲ್ಡರ್. ರಿಫ್ಲೆಕ್ಟರ್ ಒರೆಸಿ, ಬೀಮ್ ಎತ್ತರ ಸರಿ ಮಾಡಿ, ಹೋಲ್ಡರಿಗೆ ಎಷ್ಟು ವೋಲ್ಟ್ ಬರ್ತಿದೆ ಅಂತ ಮಲ್ಟಿಮೀಟರ್ ಹಿಡಿದು ನೋಡಿ. ಲ್ಯಾಬಿನಲ್ಲಿ ಅದನ್ನ ಇನ್ಯಾತಕ್ಕೆ ಹಿಡಿಯೋದು ಕಲಿತಿದ್ದೀವಿ?

ನಾನು ಮಾಡಿದ ಒಂದೇ ಅಪ್‌ಗ್ರೇಡ್ ಸ್ಪ್ರಾಕೆಟ್‌ದು. ಕಿಟ್ ಹೇಗೂ ಬದಲಿಸಬೇಕಿತ್ತು. ಸಿಬಿಆರ್ 250ಆರ್‌ಗೆ ಮುಂದೆ 14 ಹಲ್ಲು, ಹಿಂದೆ 38, ಅನುಪಾತ 2.71. ಮುಂದೆ 15 ಹಾಕಿದರೆ 2.53. ಅದೇ ವೇಗಕ್ಕೆ ಎಂಜಿನ್ ಸುತ್ತು ಸುಮಾರು ಶೇ. 6.7 ಕಡಿಮೆ, 7000 ಇದ್ದದ್ದು ಅಂದಾಜು 6530. ಹೆದ್ದಾರಿಯಲ್ಲಿ ಗಾಡಿ ನಿರಾಳ, ಸದ್ದು ಕಡಿಮೆ. ಚಕ್ರಕ್ಕೆ ಸಿಗೋ ಟಾರ್ಕೂ ಅಷ್ಟೇ ಇಳಿಯುತ್ತೆ, ಹಿಂದೆ ಅಪ್ಪ ಕೂತಿದ್ದಾಗ ಏರಿನಲ್ಲಿ ಗೇರ್ ಇಳಿಸಲೇಬೇಕು. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸಿನಲ್ಲಿರೋ ಗಾಡಿಯಾದರೆ ಮೀಟರ್ 80 ತೋರಿಸುವಾಗ ಮೊದಲಿಗಿಂತ ಶೇ. 7ರಷ್ಟು ಜೋರಾಗಿ ಹೋಗ್ತಿರ್ತೀರಿ, ಅದು ನೆನಪಿರಲಿ.

ಮತ್ತೆ, ಒಂದು ಹಲ್ಲು ಹೆಚ್ಚಾದರೆ ಸುತ್ತಲು ಅರ್ಧ ಕೊಂಡಿಯಷ್ಟು ಚೈನ್ ಹೆಚ್ಚು ಬೇಕು. 520 ನಂಬರಿನ ಚೈನಿನಲ್ಲಿ ಒಂದು ಕೊಂಡಿಗೆ 15.875 ಮಿ.ಮೀ., ಅರ್ಧ ಅಂದರೆ ಸುಮಾರು 8. ಎರಡು ಸಾಲಿಗೆ ಹಂಚಿದರೆ ಆಕ್ಸಲ್ 4 ಮಿ.ಮೀ. ಮುಂದೆ ಬರಬೇಕು. 0.38 ಮಿ.ಮೀ.ಗೆ ಬೇರಿಂಗ್ ಕಳೆದುಕೊಂಡ ನಾನು ಆ ದಿನ ಅಂಗಳದಲ್ಲಿ ಕೂತು ಅಳತೆಯನ್ನ ಮೂರು ಸಲ ನೋಡಿದೆ. ಅಪ್ಪ ಕಟ್ಟೆ ಮೇಲೆ ಕೂತು ನೋಡ್ತಿದ್ದರು.

"ಆತೇನು?"

"ಆತ್ರಿ ಅಪ್ಪಾ."

ಒಳಗೆ ಹೋದರು. ಹೊರಗೆ ಬಂದಾಗ ಪ್ಯಾಂಟ್ ಹಾಕಿಕೊಂಡಿದ್ದರು.